ಬೆಳೆ ನಂದು, ಪಹಣಿ ಅಜ್ಜಂದು, ಪರಿಹಾರ ಯಾರದು?

2019ರ ಆಗಸ್ಟ್ ಮೊದಲ ವಾರ. ನವಿಲುತೀರ್ಥ ಡ್ಯಾಮ್ ತುಂಬಿದೆ, ನೀರು ಬಿಡ್ತಾರೆ ಅಂತ ವಾಟ್ಸಾಪ್‌ನಲ್ಲಿ ಮೆಸೇಜ್ ಬಂದಾಗ ನಾನು ಹೊಲದಲ್ಲೇ ಇದ್ದೆ. ನಮ್ಮೂರು ಮಲಪ್ರಭಾ ದಂಡೆ. ಗೋವಿನಜೋಳ ಎದೆಮಟ್ಟ ನಿಂತಿತ್ತು. 2009ರಲ್ಲಿ ಹೊಳೆ ನಮ್ಮ ಬದುವಿನ ತನಕ ಬಂದು ತಿರುಗಿ ಹೋಗಿತ್ತು, ಈ ಸಲನೂ ಹಂಗೇ ಅಂದುಕೊಂಡೆವು. ರಾತ್ರಿ ಹತ್ತಕ್ಕೆ ಮೋಟಾರ್ ಬಿಚ್ಚಿ ಟ್ರಾಕ್ಟರ್‌ಗೆ ಹೇರಿದ್ದಷ್ಟೇ ಉಳಿದದ್ದು. ಬೆಳಿಗ್ಗೆ ಎದ್ದು ನೋಡಿದರೆ ಹೊಲ ಇರಲಿಲ್ಲ, ಬೇವಿನ ಮರದ ತುದಿ ಮಾತ್ರ ಕಾಣ್ತಿತ್ತು. ಅತ್ತ ಬೆಣ್ಣಿಹಳ್ಳ, ಇತ್ತ ಹೊಳೆ, ನಡುವೆ ಕೊಣ್ಣೂರಿನಂಥ ದೊಡ್ಡ ಊರುಗಳೇ ನೀರಲ್ಲಿ ನಿಂತಿದ್ದವು. ನಮ್ಮ ಹೊಲದ ಕಥೆ ಯಾರು ಕೇಳಬೇಕು?

ಆ ವರ್ಷ ನಾನು ಎರಡು ತುಂಡು ಹೊಲ ಮಾಡುತ್ತಿದ್ದೆ. ಒಂದು ನಮ್ಮ ಸ್ವಂತದ್ದು, ಮೂರೂವರೆ ಎಕರೆ. ಇನ್ನೊಂದು ಲಾವಣಿಗೆ ಹಿಡಿದದ್ದು, ನಾಲ್ಕು ಎಕರೆ. ಮಾಲೀಕರು ಹುಬ್ಬಳ್ಳಿಯಲ್ಲಿರುವ ನಿವೃತ್ತ ಮಾಸ್ತರು. ಎಕರೆಗೆ ಎಂಟು ಸಾವಿರದಂತೆ ಯುಗಾದಿಗೇ ಮೂವತ್ತೆರಡು ಸಾವಿರ ಕೈಯಲ್ಲಿ ಇಟ್ಟು ಬಂದಿದ್ದೆ. ಎರಡೂ ಹೊಲ ಹೋದವು. ಎರಡಕ್ಕೂ ಪರಿಹಾರ ಇತ್ತು. ಕೇಂದ್ರದ ಮಾರ್ಗಸೂಚಿಯಂತೆ ಮಳೆಯಾಶ್ರಿತಕ್ಕೆ ಹೆಕ್ಟೇರಿಗೆ ₹6,800, ಅದರ ಮೇಲೆ ರಾಜ್ಯ ಸರ್ಕಾರ ₹10,000 ಸೇರಿಸಿತು, ಒಟ್ಟು ₹16,800. ನನಗೆ ಬಂದದ್ದು ಒಂದು ರೂಪಾಯಿಯೂ ಇಲ್ಲ.

ಲಾವಣಿ ಹೊಲದ ದುಡ್ಡು ಮಾಸ್ತರ ಖಾತೆಗೆ ಜಮಾ ಆಯಿತು, ಸುಮಾರು ಇಪ್ಪತ್ತೇಳು ಸಾವಿರ. ಸ್ವಂತ ಹೊಲದ ದುಡ್ಡು ಯಾರ ಖಾತೆಗೂ ಹೋಗಲಿಲ್ಲ, ಯಾಕಂದರೆ ಪಹಣಿಯಲ್ಲಿ ಇನ್ನೂ ನಮ್ಮ ಅಜ್ಜನ ಹೆಸರಿತ್ತು. ಅಜ್ಜ ತೀರಿಕೊಂಡದ್ದು 1998ರಲ್ಲಿ. ಅವನಿಗೆ ಆಧಾರ್ ಇಲ್ಲ, ಬ್ಯಾಂಕ್ ಖಾತೆ ಇಲ್ಲ. ಕಚೇರಿಯಲ್ಲಿ ಕೇಳಿದರೆ, "ನಿಮ್ಮ ಅಜ್ಜಾರನ್ನ ಕರಕೊಂಡ ಬರ್ರಿ" ಅಂತ ಒಬ್ಬರು ನಕ್ಕರು. ನಗೋ ಮಾತೇ, ಆದರೆ ಆ ಹೊತ್ತಿಗೆ ಸಿಟ್ಟು ನೆತ್ತಿಗೇರಿತ್ತು.

ಇದನ್ನು ಈಗ ಬರೆಯಲು ಕಾರಣ ಇದೆ. ಹಿಂದೆ ಹತ್ತು-ಹದಿನೈದು ವರ್ಷಕ್ಕೊಮ್ಮೆ ಬರ ಬರ್ತಿತ್ತು, ನೆರೆ ಬರ್ತಿತ್ತು. ಪಹಣಿ ಯಾರ ಹೆಸರಲ್ಲಿದ್ದರೂ ನಡೀತಿತ್ತು. ಅಣ್ಣತಮ್ಮಂದಿರು ಬಾಯಿಮಾತಲ್ಲಿ ಹಂಚಿಕೊಂಡು ಉಳುಮೆ ಮಾಡ್ತಿದ್ದರು. ಈಗ ನೋಡ್ರಿ: 2019 ನೆರೆ, 2023 ಬರ, 2025ರಲ್ಲಿ ಹೆಸರು ಕಾಳು ಕೊಯ್ಯುವ ಹೊತ್ತಿಗೆ ಬಿಡದ ಮಳೆ. ಎರಡು-ಮೂರು ವರ್ಷಕ್ಕೊಮ್ಮೆ ಸರ್ಕಾರ ಪರಿಹಾರ ಘೋಷಿಸುತ್ತದೆ, ಮತ್ತು ಪ್ರತಿ ಸಲ ಅದು ಹೊಲದ ಕಡೆ ನೋಡುವುದಿಲ್ಲ, ಪಹಣಿಯ 9ನೇ ಕಾಲಂ ಕಡೆ ನೋಡುತ್ತದೆ. ಹವಾಮಾನ ಬದಲಾದಂಗೆಲ್ಲ ಆ ಕಾಲಂನ ಬೆಲೆ ಏರುತ್ತಾ ಹೋಗ್ತಿದೆ.

ಮೊದಲು ಸ್ವಂತ ಹೊಲದ ಕಥೆ ಹೇಳ್ತೀನಿ, ಯಾಕಂದರೆ ನಿಮ್ಮಲ್ಲಿ ಬಹಳ ಮಂದಿಯದು ಇದೇ ಕಥೆ ಇರಬಹುದು.

ಅಜ್ಜನ ಹೆಸರಲ್ಲಿದ್ದದ್ದು ಒಟ್ಟು 7 ಎಕರೆ. ಅರ್ಧ ಅಪ್ಪ, ಅರ್ಧ ಕಾಕಾ ಮಾಡ್ತಿದ್ದರು. ವಾರಸಾ ಮಾಡಿಸೋಣ ಅಂತ ಹೊರಟಾಗ ಮೊದಲ ಕಲ್ಲು ಸಿಕ್ಕಿದ್ದು ಮರಣ ಪ್ರಮಾಣಪತ್ರ. ಅಜ್ಜನ ಸಾವನ್ನು ಯಾರೂ ನೋಂದಾಯಿಸಿಯೇ ಇರಲಿಲ್ಲ. ಒಂದು ವರ್ಷ ದಾಟಿದ ಸಾವನ್ನು ನೋಂದಾಯಿಸಲು ಆಗ ಕೋರ್ಟಿನ ಆದೇಶ ಬೇಕಿತ್ತು. ವಕೀಲರು, ದಾಖಲೆ ಲಭ್ಯವಿಲ್ಲ ಎಂಬ ಪತ್ರ, ಸಾಕ್ಷಿಗೆ ಇಬ್ಬರು ಹಿರಿಯರು. ಅಜ್ಜನ ಹೆಣ ಹೊತ್ತಿದ್ದ ಒಬ್ಬ ಮುದುಕರು ಕೋರ್ಟಿನ ಮೆಟ್ಟಿಲು ಹತ್ತಲಾರದೆ ಕೂತು, "ಸತ್ತಾನ ಅಂತ ಹೇಳಾಕ ಇಷ್ಟ ದೂರ ಬರಬೇಕೇನೋ ತಮ್ಮಾ" ಅಂದರು. ಬರೀ ಇದಕ್ಕೇ ಹನ್ನೊಂದು ತಿಂಗಳು ಹೋಯಿತು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ 21 ದಿನದೊಳಗೆ ಪಂಚಾಯ್ತಿ ಕಡೆ ನೋಂದಾಯಿಸಿಬಿಡ್ರಿ. ದುಃಖದ ಮನೆಯಲ್ಲಿ ಕಾಗದದ ಮಾತು ಕೆಟ್ಟದಾಗಿ ಕೇಳಿಸುತ್ತದೆ, ಗೊತ್ತು. ಆದರೂ ಯಾರಾದರೊಬ್ಬರು ಹೋಗಲೇಬೇಕು.

ಎರಡನೇ ಕಲ್ಲು ವಂಶವೃಕ್ಷ. ನನಗೆ ಇಬ್ಬರು ಅತ್ತೆಯರು, ಅಪ್ಪನ ಅಕ್ಕ-ತಂಗಿ. ಊರಿನ ದೊಡ್ಡವರೆಲ್ಲ ಕೊಟ್ಟ ಸಲಹೆ ಒಂದೇ: "ಮೊದ್ಲ ಅವರ ಕಡೆಯಿಂದ ಹಕ್ಕು ಬಿಡಿಸಿಕೋರಿ, ಆಮ್ಯಾಲೆ ವಾರಸಾ ಮಾಡಸ್ರಿ." ಅಪ್ಪನಿಗೂ ಅದೇ ಸರಿ ಅನಿಸಿತ್ತು. ನಾನೇ ರಾಮದುರ್ಗಕ್ಕೆ ದೊಡ್ಡ ಅತ್ತಿ ಮನೆಗೆ ಹೋದೆ. ಚಹಾ ಕುಡಿದ ಮೇಲೆ ವಿಷಯ ತೆಗೆದೆ. ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ನನ್ನ ಹೆಸ್ರು ಇದ್ರ ನಿನಗೇನ ತ್ರಾಸು? ಉಳೋದು ನೀವಽ ಉಳ್ರಿ. ಹೆಸ್ರರ ಇರ್ಲಿ, ನಮ್ಮಪ್ಪನ ಮಗಳು ಅಂತ."

ನನ್ನ ಹತ್ತಿರ ಉತ್ತರ ಇರಲಿಲ್ಲ. ಕಾನೂನಿನಲ್ಲೂ ಇರಲಿಲ್ಲ. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಆ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಇನ್ನೂ ಗಟ್ಟಿ ಮಾಡಿತು. ನಾವು ಹಕ್ಕು ಬಿಡಿಸುವ ಮಾತು ಕೈಬಿಟ್ಟೆವು. ಅಪ್ಪ, ಕಾಕಾ, ಇಬ್ಬರು ಅತ್ತೆಯರು, ನಾಲ್ವರ ಹೆಸರನ್ನೂ ಜಂಟಿಯಾಗಿ ಹಾಕಿಸಿದೆವು. ಜಗಳ ಇಲ್ಲ, ತಕರಾರು ಇಲ್ಲ, ಆಕ್ಷೇಪಣೆ ಅವಧಿ ಮುಗಿದ ಕೂಡಲೇ ಖಾತೆ ಬದಲಾಯಿತು. ನನ್ನ ಅನುಭವದಲ್ಲಿ ಹೇಳೋದಾದರೆ, ವಾರಸಾ ಅರ್ಜಿಗಳು ಅಡ್ಡ ಬೀಳೋದು ಕಚೇರಿಯಲ್ಲಲ್ಲ, ಮನೆಯ ಪಡಸಾಲೆಯಲ್ಲಿ. ವಾರಸಾ ಬೇರೆ, ಪಾಲು ಬೇರೆ. ಮೊದಲು ಸತ್ತವರ ಹೆಸರು ತೆಗೆದು ಬದುಕಿದವರೆಲ್ಲರ ಹೆಸರು ಬರಲಿ. ಪಾಲು, 11ಇ ನಕ್ಷೆ, ಪೋಡಿ ಎಲ್ಲ ಆಮೇಲೆ ನಿಧಾನಕ್ಕೆ ಆಗ್ತದೆ.

ಹೆಸರು ಬದಲಾದರೆ ಇನ್ನೊಂದು ಲಾಭ ಇದೆ, ಇದನ್ನು ಬಹಳ ಮಂದಿ ಲೆಕ್ಕ ಹಾಕಲ್ಲ. ಬೆಳೆ ಪರಿಹಾರ ಒಬ್ಬ ರೈತನಿಗೆ ಗರಿಷ್ಠ 2 ಹೆಕ್ಟೇರಿಗೆ, ಅಂದರೆ ಐದು ಎಕರೆಗೆ ಸ್ವಲ್ಪ ಕಡಿಮೆ. ನಮ್ಮ 7 ಎಕರೆ ಒಬ್ಬರ ಹೆಸರಲ್ಲೇ ಇದ್ದರೆ ಎರಡು ಎಕರೆಗೆ ಏನೂ ಸಿಗೋದಿಲ್ಲ. ಹಂಚಿಕೊಂಡರೆ ಪೂರ್ತಿ ಲೆಕ್ಕಕ್ಕೆ ಬರುತ್ತದೆ.

ಕಾಕಾ ಅದನ್ನು ನೋಡಲಿಲ್ಲ. ವಾರಸಾ ಆದ ಮುಂದಿನ ವರ್ಷ ಹೃದಯಾಘಾತದಿಂದ ಹೋದ. ಕಾಕಿ, ಇಬ್ಬರು ಮಕ್ಕಳು. ಹಳೆಯ ಪಹಣಿಯೇ ಇದ್ದಿದ್ದರೆ ಅವಳ ಗತಿ ಏನಾಗ್ತಿತ್ತು ಅಂತ ನಮ್ಮೂರಲ್ಲೇ ನೋಡಬಹುದು. ಮಾವನ ಹೆಸರಲ್ಲಿ ಪಹಣಿ ಇರುವ ವಿಧವೆಯರು ಮೂರ್ನಾಲ್ಕು ಮಂದಿ ಇದ್ದಾರೆ. ಸೊಸೈಟಿಯಲ್ಲಿ ಬಡ್ಡಿ ಇಲ್ಲದ ಸಾಲ ಸಿಗೋದಿಲ್ಲ, ಪಿಎಂ ಕಿಸಾನ್ ಇಲ್ಲ, ಬೆಳೆ ವಿಮೆ ಇಲ್ಲ. ಬೀಜ-ಗೊಬ್ಬರಕ್ಕೆ ವಾರದ ಕಂತಿನ ಫೈನಾನ್ಸ್ ಸಾಲ. ಮಳೆ ಕೈಕೊಟ್ಟರೂ ಕಂತು ಕೈಬಿಡೋದಿಲ್ಲ. ಅವರಲ್ಲೊಬ್ಬಳು ನನ್ನ ಮುಂದೆ ಅಂದದ್ದು: "ಕೆಲಸಕ್ಕ ಹೊಲ ನಂದು, ಕಾಗದಕ್ಕ ಯಾರದೋ." ಕಾಕಿ ಮಾತ್ರ ಈ ಸಲ ತಡಮಾಡಲಿಲ್ಲ. ಕಾಕಾನ ದಿನಕರ್ಮ ಮುಗಿದ ವಾರವೇ ನನ್ನ ಬೈಕ್ ಹಿಂದೆ ಕೂತು ನಾಡಕಚೇರಿಗೆ ಬಂದಳು.

ಇನ್ನು ಲಾವಣಿ ಹೊಲ. ಇದು ಕಗ್ಗಂಟು.

ಮಾಸ್ತರು ಕೆಟ್ಟವರಲ್ಲ. ಪರಿಹಾರ ಬಂದಾಗ ನಾನು ಫೋನ್ ಮಾಡಿದೆ. "ದುಡ್ಡು ಬಂದೈತಿ ಖರೆ. ಆದ್ರ ಸರ್ಕಾರ ನನ್ನ ಹೆಸರಿಗೆ ಹಾಕೇತಿ" ಅಂದರು. ಬೀಜ ನಂದು, ಗೊಬ್ಬರ ನಂದು, ನೀರಲ್ಲಿ ಹೋದದ್ದು ನನ್ನ ಬೆಳೆ ಅಂದೆ. "ಹೊಲದಾಗಿನ ಮಣ್ಣು ಕೊಚ್ಚಿ ಹೋಗೇತಲ್ಲ, ಅದು ನಂದು" ಅಂದರು. ಅದೂ ಸುಳ್ಳಲ್ಲ. ಕೊನೆಗೆ ಮುಂದಿನ ವರ್ಷದ ಲಾವಣಿಯಲ್ಲಿ ಹತ್ತು ಸಾವಿರ ಬಿಟ್ಟರು. ಅದು ಅವರ ದೊಡ್ಡತನ. ನನ್ನ ಹಕ್ಕಾಗಿರಲಿಲ್ಲ.

ಹೋಗಲಿ, ಒಂದು ಲಾವಣಿ ಪತ್ರ ಮಾಡಿಕೊಡ್ರಿ, ನಾನೇ ವಿಮೆ ಕಟ್ಟಿಕೊಳ್ತೀನಿ ಅಂತ ಕೇಳಿದೆ. ಆಗ ಅವರ ಮುಖವೇ ಬದಲಾಯಿತು. "ಎಪ್ಪತ್ನಾಲ್ಕರಾಗ ನಮ್ಮ ಮನಿ ಹೊಲ ಹ್ಯಾಂಗ ಹೋತು ಗೊತ್ತೈತೇನು?" ಅಂದರು.

ಗೊತ್ತಿತ್ತು. ಯಾಕಂದರೆ ನಮ್ಮ ಅಜ್ಜನ 7 ಎಕರೆ ಬಂದದ್ದೂ ಅದೇ ಕಾನೂನಿನಿಂದ. 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನು ಸರ್ಕಾರಕ್ಕೆ ಸೇರಿ, ಉಳುತ್ತಿದ್ದವನು ಫಾರ್ಮ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟರೆ ಅಧಿಭೋಗದ ಹಕ್ಕು ಅವನದಾಗುತ್ತಿತ್ತು. ಅಜ್ಜ ಸಹಿ ಬಾರದವ, ಹೆಬ್ಬೆಟ್ಟು ಒತ್ತಿ ಫಾರ್ಮ್ 7 ಕೊಟ್ಟಿದ್ದ. ಅವತ್ತು ಸಾಕ್ಷ್ಯಕ್ಕೆ ನೆರವಾದದ್ದು ಪಹಣಿಯ ಸಾಗುವಳಿದಾರರ ಕಾಲಂ, 12ನೆಯದು. ಅಲ್ಲಿ ಅಜ್ಜನ ಹೆಸರಿತ್ತು.

ಅದೇ ಕಾಯ್ದೆಯ ಕಲಂ 5 ಹೊಸದಾಗಿ ಗೇಣಿ ಕೊಡುವುದನ್ನೇ ನಿಷೇಧಿಸಿತು. ಸೈನಿಕರು, ನಾವಿಕರಂಥ ಕೆಲವರಿಗೆ ಮಾತ್ರ ವಿನಾಯ್ತಿ. ಉದ್ದೇಶ ಒಳ್ಳೆಯದೇ, ಜಮೀನ್ದಾರಿ ಮತ್ತೆ ತಲೆ ಎತ್ತಬಾರದು. ಆದರೆ ಐವತ್ತು ವರ್ಷದಲ್ಲಿ ಹಳ್ಳಿ ಬದಲಾಯಿತು. ಈಗ ಹೊಲ ಇದ್ದವರು ಹುಬ್ಬಳ್ಳಿ-ಬೆಂಗಳೂರಿನಲ್ಲಿದ್ದಾರೆ, ಉಳುವವರು ನನ್ನಂಥ ಸಣ್ಣ ಹಿಡುವಳಿದಾರರು. ಲಾವಣಿ ನಿಲ್ಲಲಿಲ್ಲ, ಕಾಗದದಿಂದ ಮಾತ್ರ ಮಾಯವಾಯಿತು. 12ನೇ ಕಾಲಂನಲ್ಲಿ ನನ್ನ ಹೆಸರು ಬಂದರೆ ಹೊಲ ಹೋಗ್ತದೆ ಅಂತ ಮಾಸ್ತರಿಗೆ ಹೆದರಿಕೆ. ಅಜ್ಜನಿಗೆ ಹೊಲ ಕೊಟ್ಟ ಕಾನೂನೇ ಮೊಮ್ಮಗನನ್ನು ಲೆಕ್ಕದಿಂದ ಹೊರಗಿಟ್ಟಿದೆ. ಇದರಲ್ಲಿ ಯಾರನ್ನು ಬೈಯಬೇಕು ಅಂತ ನನಗಿನ್ನೂ ಬಗೆಹರಿದಿಲ್ಲ.

ಫಸಲ್ ಬಿಮಾ ಯೋಜನೆಯ ನಿಯಮದಲ್ಲಿ ಗೇಣಿದಾರರು, ಪಾಲುದಾರರೂ ವಿಮೆ ಮಾಡಿಸಬಹುದು ಅಂತ ಬರೆದಿದೆ. ಮುಂಗಾರು ಆಹಾರ ಬೆಳೆಗೆ ರೈತನ ಪಾಲು ವಿಮಾ ಮೊತ್ತದ ಶೇ. 2 ಮಾತ್ರ, ಬಹಳ ಅಗ್ಗ. ಆದರೆ ಗೇಣಿ ಮಾಡಿದ್ದಕ್ಕೆ ದಾಖಲೆ ಬೇಕು. ಗೇಣಿಯೇ ಕಾನೂನಿನಲ್ಲಿ ಇಲ್ಲದ ಕಡೆ ಆ ದಾಖಲೆ ಎಲ್ಲಿಂದ ತರೋಣ?

ಬೇರೆ ಕಡೆ ದಾರಿ ಹುಡುಕಿದ್ದಾರೆ. ಆಂಧ್ರಪ್ರದೇಶದಲ್ಲಿ 2011ರಲ್ಲೇ ಗೇಣಿದಾರರಿಗೆ ಗುರುತಿನ ಕಾರ್ಡ್ ಕೊಡುವ ಕಾನೂನು ಬಂತು. 2019ರಲ್ಲಿ ಅದರ ಜಾಗಕ್ಕೆ ಬಂದ ಬೆಳೆ ಸಾಗುವಳಿದಾರರ ಹಕ್ಕು ಕಾಯ್ದೆಯಲ್ಲಿ 11 ತಿಂಗಳ ಕಾರ್ಡ್. ಕಾರ್ಡ್ ತೋರಿಸಿ ಬೆಳೆ ಸಾಲ, ವಿಮೆ, ಪರಿಹಾರ ಪಡೆಯಬಹುದು, ಜಮೀನಿನ ಮೇಲೆ ಮಾತ್ರ ಯಾವ ಹಕ್ಕೂ ಇಲ್ಲ. ಕೇಳಲು ಚಂದ. ಆದರೆ 2019ರ ಕಾಯ್ದೆಯಲ್ಲಿ ಮಾಲೀಕರ ಸಹಿ ಬೇಕು, ಅಲ್ಲಿಯ ಮಾಲೀಕರಿಗೂ ನಮ್ಮ ಮಾಸ್ತರಂಥದೇ ಹೆದರಿಕೆ. ನೀತಿ ಆಯೋಗ 2016ರಲ್ಲಿ ಮಾದರಿ ಗೇಣಿ ಕಾಯ್ದೆಯೊಂದನ್ನು ಮುಂದಿಟ್ಟಿತು. ಅದರ ಸಾರವೂ ಇದೇ, ಮಾಲೀಕತ್ವ ಮಾಲೀಕನಿಗೆ ಭದ್ರ, ಬೆಳೆಯ ಲಾಭ-ನಷ್ಟ ಉಳುವವನಿಗೆ. ನಮ್ಮ ರಾಜ್ಯ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ಕೈಹಾಕಿದಾಗ ಕೃಷಿಕರಲ್ಲದವರೂ ಜಮೀನು ಕೊಳ್ಳಲು ಇದ್ದ ಅಡ್ಡಿ ತೆಗೆಯಿತು. ಕೊಳ್ಳುವವರಿಗೆ ದಾರಿ ಆಯಿತು, ಲಾವಣಿ ಮಾಡುವವನಿಗೆ ಆಗಲಿಲ್ಲ. ಇದು ನನ್ನ ಅಸಮಾಧಾನ, ನಿಮ್ಮ ಅಭಿಪ್ರಾಯ ಬೇರೆ ಇರಬಹುದು.

2023ರಲ್ಲಿ ಬರ ಬಿತ್ತು. 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಮೊದಲ ಕಂತು ಗರಿಷ್ಠ ₹2,000, ಉಳಿದದ್ದಕ್ಕೆ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿಗೇ ಹೋಯಿತು. 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ ₹3,454 ಕೋಟಿ ಬಂತು. ನಮ್ಮ ಸ್ವಂತ ಹೊಲದ ದುಡ್ಡು ಈ ಸಲ ಅಪ್ಪನಿಗೂ ಕಾಕಿಗೂ ನೇರ ಖಾತೆಗೆ ಬಿತ್ತು. ಕಾಕಿ ಮೊಬೈಲ್ ತಂದು ಮೆಸೇಜ್ ಎರಡು ಸಲ ಓದಿಸಿಕೊಂಡಳು. ಅದಕ್ಕೂ ಮುಂಚೆ ಫ್ರೂಟ್ಸ್‌ನಲ್ಲಿ ಅವಳ ಎಫ್‌ಐಡಿ ಮಾಡಿಸಿ, ಅವಳ ಪಾಲಿನ ಸರ್ವೆ ನಂಬರ್ ಸೇರಿಸಿದ್ದೆವು. ಎಫ್‌ಐಡಿ ಇದೆ ಅಂತ ಸುಮ್ಮನೆ ಕೂತವರಲ್ಲಿ ಕೆಲವರಿಗೆ ಒಂದು ಸರ್ವೆ ನಂಬರ್ ಸೇರಿಯೇ ಇರಲಿಲ್ಲ, ಅಷ್ಟರ ಪರಿಹಾರ ಹೋಯಿತು. ನಿಮ್ಮದನ್ನೂ ಒಮ್ಮೆ ತೆಗೆದು ನೋಡ್ರಿ, ಎಲ್ಲ ನಂಬರ್ ಇವೆಯಾ ಅಂತ. ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಅಂತಲೂ.

ಲಾವಣಿ ಹೊಲಕ್ಕೆ ಮಾತ್ರ ಮತ್ತೆ ಅದೇ ರಾಗ ಆಗಬಾರದು ಅಂತ ಆ ವರ್ಷದ ಯುಗಾದಿಗೇ ಮಾಸ್ತರ ಹತ್ತಿರ ಕೂತು ಮಾತಾಡಿದ್ದೆ. ಊರ ಹಿರಿಯರೊಬ್ಬರು ನಡುವೆ. ಮೂರು ಮಾತು: ಲಾವಣಿ ದುಡ್ಡು ಅರ್ಧ ಯುಗಾದಿಗೆ, ಅರ್ಧ ಸುಗ್ಗಿಗೆ. ಬೆಳೆ ಪರಿಹಾರ ಬಂದರೆ ಮುಕ್ಕಾಲು ನನಗೆ, ಕಾಲು ಅವರಿಗೆ. ಹೊಲದಲ್ಲಿ ಹೂಳು ತುಂಬಿದ್ದಕ್ಕೋ ಮಣ್ಣು ಹೋದದ್ದಕ್ಕೋ ಬಂದ ದುಡ್ಡು ಪೂರ್ತಿ ಅವರದು. ಬರೆದುಕೊಳ್ಳಲಿಲ್ಲ. ಮಾಸ್ತರೇ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಹಾಕಿದರು, "ಮಾತು ಮಾತಽ" ಅಂತ ಕೊನೆಗೆ ಸೇರಿಸಿ. ಕಾನೂನಿನ ಮುಂದೆ ಇದಕ್ಕೆ ಬೆಲೆ ಇಲ್ಲ, ಇದನ್ನು ಸ್ಪಷ್ಟ ಹೇಳಿಬಿಡ್ತೀನಿ. ಗೇಣಿಯೇ ನಿಷೇಧ ಇರುವಾಗ ಕೋರ್ಟಿಗೆ ಹೋದರೆ ಇಬ್ಬರಿಗೂ ತೊಂದರೆ. ಆದರೆ ನಷ್ಟ ಆದ ಮೇಲೆ ಜಗಳ ಆಡುವುದಕ್ಕಿಂತ ಬಿತ್ತುವ ಮುಂಚೆ ಮಾತಾಡುವುದು ಸುಲಭ. ಆಗ ಇಬ್ಬರ ಕೈಯಲ್ಲೂ ದುಡ್ಡಿರೋದಿಲ್ಲ, ಹಾಗಾಗಿ ಆಸೆಯೂ ಇರೋದಿಲ್ಲ. 2024ರಲ್ಲಿ ದುಡ್ಡು ಬಂದಾಗ ಮಾಸ್ತರು ಮಾತು ಉಳಿಸಿಕೊಂಡರು. ನನ್ನ ಗೆಳೆಯನ ಮಾಲೀಕರು ಉಳಿಸಿಕೊಳ್ಳಲಿಲ್ಲ.

ಮಣ್ಣಿನ ಮಾತು ಬಂತು, ಒಂದು ಲೆಕ್ಕ ಹೇಳಿ ಮುಂದೆ ಹೋಗ್ತೀನಿ. ನಮ್ಮ ಪಕ್ಕದ ರೈತನ ಮೂವತ್ತು ಗುಂಟೆ ದಂಡೆ ಕುಸಿದು ಹೊಳೆ ಪಾಲಾಗಿದೆ. ಪಹಣಿಯಲ್ಲಿ ಇನ್ನೂ ಇದೆ, ಹೊಲದಲ್ಲಿ ಇಲ್ಲ. ಹೊಳೆ ಪಾತ್ರ ಬದಲಿಸಿ ಜಮೀನು ಹೋದರೆ ಸಣ್ಣ, ಅತಿ ಸಣ್ಣ ರೈತರಿಗೆ ಕೇಂದ್ರದ ಮಾರ್ಗಸೂಚಿಯಲ್ಲಿ ಹೆಕ್ಟೇರಿಗೆ ₹47,000 ಇದೆ, ಅದೂ ಕಂದಾಯ ದಾಖಲೆಯಲ್ಲಿ ಮಾಲೀಕತ್ವ ಸರಿಯಿದ್ದರೆ. ಮೂವತ್ತು ಗುಂಟೆಗೆ ಹದಿನಾಲ್ಕು ಸಾವಿರ ಚಿಲ್ಲರೆ. ಅಷ್ಟರಲ್ಲಿ ಒಂದು ಗುಂಟೆಯೂ ಬರೋದಿಲ್ಲ ಅಂತ ಅವನು ಅರ್ಜಿಯನ್ನೇ ಹಾಕಲಿಲ್ಲ. ನಾನಾಗಿದ್ದರೆ ಹಾಕ್ತಿದ್ದೆ, ದುಡ್ಡಿಗಲ್ಲದಿದ್ದರೂ ಹೊಲ ಹೋಗಿದೆ ಅಂತ ಎಲ್ಲಾದರೂ ಬರೆದಿರಲಿ ಅಂತ.

2025ರಲ್ಲಿ ಹೆಸರು ಕಾಳು ಗಿಡದಲ್ಲೇ ಮೊಳಕೆ ಒಡೆಯಿತು. ಈ ಸಲ ರಾಜ್ಯ ಸರ್ಕಾರ ಹೆಕ್ಟೇರಿಗೆ ₹8,500 ಹೆಚ್ಚುವರಿ ಸೇರಿಸಿ ಮಳೆಯಾಶ್ರಿತಕ್ಕೆ ₹17,000, ನೀರಾವರಿಗೆ ₹25,500 ಅಂತ ಘೋಷಿಸಿತು. ಅಂತರ ನೋಡಿದಿರಾ? ಮಳೆಯಾಶ್ರಿತವೋ ನೀರಾವರಿಯೋ ಅನ್ನುವ ಒಂದು ಪದಕ್ಕೆ ಹೆಕ್ಟೇರಿಗೆ ಎಂಟೂವರೆ ಸಾವಿರ. ನಮ್ಮ ಕಡೆ ಬೋರ್ ಹಾಕಿಸಿ ಹತ್ತು ವರ್ಷವಾದರೂ ಪಹಣಿಯಲ್ಲಿ "ಮಳೆ ಆಶ್ರಿತ" ಅಂತಲೇ ಇರುವ ಹೊಲ ಎಷ್ಟೋ ಇವೆ. ಬೆಳೆ ಸಮೀಕ್ಷೆ ಮಾಡುವಾಗ ಆ್ಯಪ್ ಬೆಳೆಯ ಹೆಸರಿನ ಜೊತೆ ನೀರಿನ ಮೂಲವನ್ನೂ ಕೇಳುತ್ತದೆ. ಅದನ್ನು ಸಮೀಕ್ಷೆಗೆ ಬಂದ ಹುಡುಗರಿಗೇ ಬಿಟ್ಟು ನಾವು ಚಹಾದ ಅಂಗಡಿಯಲ್ಲಿ ಕೂರ್ತೀವಿ.

ಆ ಮುಂಗಾರಿನಲ್ಲಿ ನಾನು ಕೂರಲಿಲ್ಲ. ಸಮೀಕ್ಷೆಯ ಹುಡುಗ ಲಾವಣಿ ಹೊಲಕ್ಕೆ ಬಂದಾಗ ಎದುರಿಗೇ ನಿಂತಿದ್ದೆ. ನಮ್ಮೂರಿನವನೇ, ನಾನು ಉಳೋದು ಅವನಿಗೆ ಗೊತ್ತು. ಆ್ಯಪ್‌ನಲ್ಲಿ ಮಾಸ್ತರ ಹೆಸರು ಬಂತು, ಅವನು ಬೆಳೆ ಆರಿಸಿದ, ಫೋಟೋಕ್ಕೆ ಮೊಬೈಲ್ ಎತ್ತಿದ.

"ಅಣ್ಣಾ, ಒಂಚೂರು ಆಕಡೆ ಸರೀ. ಫೋಟೋದಾಗ ಬೆಳಿ ಅಷ್ಟಽ ಬರಬೇಕು."

ನಾನು ಬದುವಿನ ಮೇಲೆ ಸರಿದು ನಿಂತೆ. ಸಂಜೆ ಮನೆಗೆ ಬಂದು ಬೆಳೆ ದರ್ಶಕ್ ಆ್ಯಪ್ ತೆರೆದು ನಮ್ಮ ಸರ್ವೆ ನಂಬರ್‌ಗಳನ್ನೆಲ್ಲ ಒಂದೊಂದಾಗಿ ಹಾಕಿದೆ. ಮುಂದಿನ ದಿನಗಳಲ್ಲಿ ವಿವರ ಬಂದಂತೆ ಮತ್ತೆ ನೋಡಿದೆ. ಮಾಸ್ತರ ಹೊಲಕ್ಕೆ ಹೆಸರು ಅಂತ ಸರಿಯಾಗಿ ಬಂದಿತ್ತು. ಕಾಕಿಯ ಹೊಲಕ್ಕೆ ಹೆಸರಿನ ಬದಲು ಗೋವಿನಜೋಳ ಅಂತ ಬಿದ್ದಿತ್ತು. ಅವಳನ್ನೇ ಕೂರಿಸಿಕೊಂಡು ಅವಳ ಮೊಬೈಲ್‌ನಿಂದಲೇ ಆಕ್ಷೇಪಣೆ ಹಾಕಿದೆವು. ಹೊಲದಲ್ಲಿ ನಿಂತು ತೆಗೆದ ಫೋಟೋಗಳನ್ನು ಬೇರೆ ಇಟ್ಟುಕೊಂಡಿದ್ದಾಳೆ. ಒಂದರಲ್ಲಿ ಅವಳೇ ನಿಂತಿದ್ದಾಳೆ, ಕೈಯಲ್ಲಿ ಮೊಳಕೆ ಒಡೆದ ಹೆಸರಿನ ಕಾಯಿ ಹಿಡಿದುಕೊಂಡು.